ಹಂದಿಮರಿಗಳ ಸೋಮವಾರ

"ಈ ಸಲ ಒಂದು ಮರೀನೂ ಸಾಯಕಿಲ್ಲ. ಬೇಕಾದ್ರೆ ಗೋಡೆ ಮ್ಯಾಲೆ ಬರ್ದಿಟ್ಕೊ."

ಮಂಟೇಸ್ವಾಮಿ ಚಪ್ಪಲಿ ಕಳಚುವುದಕ್ಕೂ ಮೊದಲೇ ಈ ಘೋಷಣೆ ಹೊರಡಿಸಿದ. ಕಾಮಗೆರೆಯ ತನ್ನ ಮನೆಯ ಹೊಸ್ತಿಲ ಮೇಲೆ, ಒಂದು ಕೈಯಲ್ಲಿ ಖಾಲಿ ಊಟದ ಡಬ್ಬಿ, ಇನ್ನೊಂದು ಕೈಯಲ್ಲಿ ಹಂದಿ ಸಾಕಣೆ ತರಬೇತಿಯವರು ಕೊಟ್ಟ ಪ್ಲಾಸ್ಟಿಕ್ ಫೈಲು ಹಿಡಿದು, ರಾಜ್ಯ ಗೆದ್ದು ಬಂದವನ ಗತ್ತಿನಲ್ಲಿ ನಿಂತಿದ್ದ. ಒಳಗೆ ಮುದ್ದೆ ತಿರುವುತ್ತಿದ್ದ ಹೆಂಡತಿ ಕುಸುಮ ತಲೆ ಎತ್ತಲಿಲ್ಲ.

"ಓದ್ಸಲಾನೂ ಹಿಂಗೇ ಅಂದಿದ್ರಿ."

"ಓದ್ಸಲ ನಂಗ ವಿಜ್ಞಾನ ಗೊತ್ತಿರ್ನಿಲ್ಲ."

"ಈಗ ಗೊತ್ತಾಯ್ತಾ?"

"ಬೆಳಗ್ಗಿಂದ ಸಂಜೆಗಂಟ ಕೂತು ಕಲ್ತು ಬಂದಿವ್ನಿ."

ಕೂತದ್ದು ನಿಜ. ಕಲಿತದ್ದರಲ್ಲಿ ಮಾತ್ರ ಅರ್ಧಕ್ಕರ್ಧ ನಿದ್ದೆ. ಮಂಟೇಸ್ವಾಮಿ ಕೊಳ್ಳೇಗಾಲದ ಒಂದು ಕಾಲೇಜಿನಲ್ಲಿ ಅಟೆಂಡರ್. ಬೀಗ ತೆಗೆಯುವುದು, ಗಂಟೆ ಹೊಡೆಯುವುದು, ಫೈಲು ಹೊರುವುದು, ಮತ್ತೆ ಬೀಗ ಹಾಕುವುದು, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಊರಿಗೆ ಬರುವುದು. ಇಷ್ಟರಲ್ಲೇ ಅವನ ಆಯುಸ್ಸು ಸವೆಯುತ್ತಿತ್ತು. ಅಂಥ ಮನುಷ್ಯನನ್ನು ಫ್ಯಾನಿನ ಕೆಳಗೆ ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿ, ದೀಪ ಆರಿಸಿ, ಗೋಡೆಯ ಮೇಲೆ ಹಂದಿಯ ಕರುಳಿನ ಚಿತ್ರ ತೋರಿಸಿದರೆ ಅವನಾದರೂ ಏನು ಮಾಡಬೇಕು? ಆದರೆ ಮುಖ್ಯವಾದ ಜಾಗದಲ್ಲಿ ಅವನಿಗೆ ಎಚ್ಚರವಾಗಿತ್ತು. ತಾಯಿಯ ಹಾಲು ಬಿಡಿಸಿದ ಕೂಡಲೇ ಮರಿಗಳಿಗೆ ತಾಯಿಯಿಂದ ಬಂದ ರಕ್ಷಣೆ ಇಳಿಯುತ್ತದೆ, ಸ್ವಂತದ್ದು ಇನ್ನೂ ಬಲಿತಿರುವುದಿಲ್ಲ, ಆ ನಡುವಿನ ದಿನಗಳಲ್ಲೇ ಭೇದಿ ಹತ್ತುವುದು ಎಂದು ತರಬೇತಿಯವರು ಹೇಳಿದ್ದರು. ಆಗ ಮೇವಿನ ಜೊತೆ ಒಳ್ಳೆಯ ಕೊಬ್ಬಿನಾಮ್ಲ ಕೊಟ್ಟರೆ ಮರಿಗಳ ರೋಗನಿರೋಧಕ ಶಕ್ತಿಗೆ ಆಸರೆಯಾಗುತ್ತದೆ ಎಂದೂ ಹೇಳಿದ್ದರು. ಮೀನೆಣ್ಣೆಯಲ್ಲಿ ಅದು ಇದೆ, ಅಗಸೆಯಲ್ಲಿ ಇದೆ, ರೇಷ್ಮೆ ನೂಲು ತೆಗೆದ ಮೇಲೆ ಉಳಿಯುವ ಹುಳದಲ್ಲೂ ಇದೆ.

ಕುಸುಮಳಿಗೆ ಈ ವಿಜ್ಞಾನ ಬೇಕಿರಲಿಲ್ಲ. ಅವಳಿಗೆ ಮರಿಗಳು ಬದುಕಿದರೆ ಸಾಕಿತ್ತು. ಹಂದಿ ಅವಳದು. ಅವಳ ತಮ್ಮ ಮಹದೇವಸ್ವಾಮಿ ಯಳಂದೂರಿನ ಪಕ್ಕದಲ್ಲಿ ಬಿಳಿ ಹಂದಿ ಸಾಕುತ್ತಾನೆ. ಅಕ್ಕ ಬೆಳಗಿನ ಕತ್ತಲಲ್ಲೇ ಎದ್ದು, ಗಾರ್ಮೆಂಟ್ಸ್ ಕಂಪನಿಯ ಬಸ್ಸು ಹತ್ತಿ, ರಾತ್ರಿ ಸೊಂಟ ಹಿಡಿದುಕೊಂಡು ಇಳಿಯುವುದನ್ನು ನೋಡಲಾರದೆ ಅವನೇ ಒಂದು ಹೆಣ್ಣು ಹಂದಿ ತಂದು ಕಟ್ಟಿದ್ದ. ಕುಸುಮ ಕೆಲಸ ಬಿಟ್ಟಳು. ಮೊದಲ ಸೂಲಿನ ಮರಿಗಳು ಗುಂಡಗುಂಡಗೆ ಹುಟ್ಟಿದವು. ಹಾಲು ಬಿಡಿಸಿದ ಮೇಲೆ ಭೇದಿ ಹತ್ತಿ ಒಂದೊಂದಾಗಿ ಹೋದವು. ಕೊನೆಯದು ಹೋದ ದಿನ ಕುಸುಮ ಶೆಡ್ಡಿನ ಬಾಗಿಲಲ್ಲಿ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತದ್ದನ್ನು ಮಂಟೇಸ್ವಾಮಿ ನೋಡಿದ್ದ. ಪೊರಕೆ ಹಿಡಿದು ಶೆಡ್ಡು ಗುಡಿಸಿದ್ದ.

ಬಾಮೈದ ಮಹದೇವಸ್ವಾಮಿ ಆವತ್ತೇ ಖಡಾಖಂಡಿತವಾಗಿ ಹೇಳಿ ಹೋಗಿದ್ದ. "ಅಕ್ಕ, ಇನ್ನೊಂದು ಸೂಲು ನೋಡ್ತಿನಿ. ಅದೂ ಹಿಂಗೇ ಆದ್ರ ಹಂದಿ ವಾಪಸ್ ಓಯ್ತೀನಿ. ನಂಗ ನಿನ್ ಮ್ಯಾಲೆ ಕ್ವಾಪ ಇಲ್ಲ. ಪ್ರಾಣಿ ಪಾಪ ಕಣಕ್ಕ."

ಹಂದಿ ಹೋದರೆ ಕುಸುಮ ಮತ್ತೆ ಕಂಪನಿ ಬಸ್ಸು ಹತ್ತಬೇಕು. ಆ ಬಸ್ಸು ಈಗಲೂ ದಿನಾ ಬೆಳಗ್ಗೆ ಮೇನ್ ರೋಡಿನಲ್ಲಿ ನಿಂತು ಹಾರನ್ ಹೊಡೆಯುತ್ತಿತ್ತು. ಅದು ಕೇಳಿದಾಗಲೆಲ್ಲ ಕುಸುಮಳ ಕೈಯಲ್ಲಿದ್ದ ಕೆಲಸ ಒಂದು ಗಳಿಗೆ ನಿಲ್ಲುತ್ತಿತ್ತು. ಈಗ ಎರಡನೆಯ ಸೂಲಿನ ಮರಿಗಳಿಗೆ ಹಾಲು ಬಿಡಿಸುವ ಹೊತ್ತು ಬಂದಿತ್ತು.

ಮನೆಯಲ್ಲಿ ಇನ್ನೊಬ್ಬರಿದ್ದರು. ಮಂಟೇಸ್ವಾಮಿಯ ತಾಯಿ ಚಿಕ್ಕಮಾದಮ್ಮ. ಬೀದಿಯ ಬಾಣಂತಿಯರಿಗೆಲ್ಲ ನೀರು ಹಾಕಿ, ಕೂಸುಗಳಿಗೆ ಎಣ್ಣೆ ತಿಕ್ಕಿ ದೊಡ್ಡವರನ್ನಾಗಿ ಮಾಡಿದ ಮುದುಕಿ. ಮಗನ ವಿಜ್ಞಾನವನ್ನು ಆಕೆ ಎಲೆ ಅಡಿಕೆ ಜಗಿಯುತ್ತ ಕೇಳಿದಳು.

"ಅದೇನ್ಲಾ ಹೆಸ್ರು ಅಂದೆ?"

"ಒಮೆಗಾ ಫ್ಯಾಟಿ ಆಸಿಡ್ ಅಂತ ಕಣವ್ವ."

ಮುದುಕಿಯ ಜಗಿತ ನಿಂತಿತು. "ಆಸಿಡ್ಡಾ? ಕಕ್ಕಸಿಗ ಉಯ್ತಾರಲ್ಲ, ಅದಾ? ಅಯ್ಯೋ ಪಾಪಿ, ಆ ಹಸುಗೂಸ್ಗಳ ಬಾಯಿಗ ಆಸಿಡ್ ಉಯ್ದಿಯೇನ್ಲಾ?"

ಅದು ಆ ಆಸಿಡ್ ಅಲ್ಲ ಎಂದು ತಿಳಿಹೇಳುವಷ್ಟರಲ್ಲಿ ಮುದ್ದೆ ಆರಿತ್ತು. ಮಂಟೇಸ್ವಾಮಿಗೆ ಸುಸ್ತಾಯಿತು. ಅಂದಿನಿಂದ ಆ ಪದಾರ್ಥಕ್ಕೆ ಮನೆಯಲ್ಲಿ ಟಾನಿಕ್ ಎಂದು ಹೆಸರಾಯಿತು.

ಮೊದಲ ಪ್ರಯೋಗ ರೇಷ್ಮೆ ಹುಳದ್ದು. ಕೊಳ್ಳೇಗಾಲದಲ್ಲಿ ರೇಷ್ಮೆಗೇನು ಬರವೇ? ಗೂಡು ಬೇಯಿಸಿ ನೂಲು ಸುತ್ತುವ ಒಂದು ಮನೆಯವರು, ಬೆಂದ ಹುಳವನ್ನು ಬೇಕಾದಷ್ಟು ತಗೊಂಡು ಹೋಗಪ್ಪ, ಪುಣ್ಯ ಬರುತ್ತದೆ ಎಂದು ಗೋಣಿಚೀಲದ ತುಂಬ ತುಂಬಿಕೊಟ್ಟರು. ಅವರ ಔದಾರ್ಯದ ಗುಟ್ಟು ಬಸ್ಸು ಹತ್ತಿದ ಮೇಲೆ ತಿಳಿಯಿತು. ಆ ವಾಸನೆ ವರ್ಣಿಸುವ ಶಕ್ತಿ ಯಾರಿಗೂ ಇಲ್ಲ. ಹನೂರಿನ ಬಸ್ಸು ಸ್ಟ್ಯಾಂಡು ಬಿಟ್ಟು ಊರು ದಾಟುವಷ್ಟರಲ್ಲಿ ಹಿಂದಿನ ಸೀಟುಗಳವರೆಲ್ಲ ಮುಂದಕ್ಕೆ ಬಂದು ಡ್ರೈವರನ ಹೆಗಲ ಮೇಲೆ ನಿಂತಿದ್ದರು.

ಕಂಡಕ್ಟರ್ ಮೂಗಿಗೆ ಟಿಕೆಟ್ ಮಷೀನು ಅಡ್ಡ ಹಿಡಿದು ಕೇಳಿದ. "ಏನ್ರಿ ಅದು ಚೀಲ್ದಲ್ಲಿ?"

"ಹಂದಿ ಮರಿಗಳಿಗೆ ಟಾನಿಕ್ ಸಾ."

"ನಿಮ್ಮ ಮರಿ ಬದುಕ್ಲಿ ಸ್ವಾಮಿ. ನನ್ ಪ್ಯಾಸೆಂಜರು ಸಾಯ್ತಾವ್ರೆ. ಇಳೀರಿ."

ಅರ್ಧ ದಾರಿಯಲ್ಲಿ ಇಳಿದ. ಹೆಗಲ ಮೇಲೆ ಚೀಲ, ಚೀಲದಿಂದ ಬೆನ್ನಿಗೆ ಜಿನುಗುವ ರಸ, ಹಿಂದೆ ಒಂದು ನಾಯಿ. ಮುಂದಿನ ಊರಿಗೆ ಬರುವಾಗ ನಾಯಿಗಳು ಹೆಚ್ಚಿದ್ದವು. ಕಾಮಗೆರೆ ಮುಟ್ಟುವಾಗ ಅವನ ಹಿಂದೆ ದಿಬ್ಬಣ ಬರುವಷ್ಟು ನಾಯಿಗಳಿದ್ದವು. ಮನೆ ಬಾಗಿಲಲ್ಲಿ ಅವನು ಚೀಲ ಇಳಿಸಿದ್ದೇ ತಡ, ದಿಬ್ಬಣ ಊಟಕ್ಕೆ ಕೂತಿತು. ಚೀಲದ ಗೋಣಿ ಮಾತ್ರ ಉಳಿಯಿತು. ಕುಸುಮ ಬಚ್ಚಲಿಗೆ ಬಿಸಿನೀರು ತೋಡಿ, "ಅಂಗಿ ಒಳಗ ತರಬ್ಯಾಡಿ, ಅಲ್ಲೇ ಸುಟ್ಬುಡಿ" ಎಂದಳು.

ಎರಡನೆಯ ಪ್ರಯೋಗ ಮೀನೆಣ್ಣೆ. ಪಶು ಔಷಧಿ ಅಂಗಡಿಯಿಂದ ದೊಡ್ಡ ಕ್ಯಾನು ಬಂತು. ಜೊತೆಗೆ ಒಂದು ಸಣ್ಣ ಚಮಚ. ಮರಿಗೆ ಒಂದು ಚಮಚ, ದಿನಕ್ಕೆ ಒಂದೇ ಸಲ, ಬೂಸಾದಲ್ಲಿ ಕಲಸಿ. ಅಂಗಡಿಯವನು ಹೇಳಿದ್ದನ್ನು ಮಂಟೇಸ್ವಾಮಿ ವೇದವಾಕ್ಯದಂತೆ ಎದೆಗೆ ಇಳಿಸಿಕೊಂಡ. ಮನೆಗೆ ಬಂದು ಚಮಚವನ್ನು ಮೊಳೆಗೆ ನೇತುಹಾಕಿ, ಹೆಂಡತಿಯನ್ನೂ ತಾಯಿಯನ್ನೂ ಕರೆದು ಆಜ್ಞೆ ಮಾಡಿದ.

"ಇದ ನಾನೊಬ್ನೇ ಕೊಡದು. ಬೆಳಗ್ಗೆ ಬಸ್ಸಿಗ ಮುಂಚೆ. ಯಾರೂ ಮುಟ್ಟಬ್ಯಾಡಿ. ಅಳತೆ ತಪ್ಪಿದ್ರ ಎಲ್ಲ ಎಕ್ಕುಟ್ಟೋಯ್ತದ."

"ಯಾರ್ ಮುಟ್ಟಾರು ಆ ನಾತನ," ಎಂದಳು ಚಿಕ್ಕಮಾದಮ್ಮ.

ಮರಿಗಳು ಎಣ್ಣೆ ಕಲಸಿದ ಬೂಸಾವನ್ನು ಚಪ್ಪರಿಸಿ ತಿಂದವು. ತೊಂದರೆಯಾದದ್ದು ಮಂಟೇಸ್ವಾಮಿಗೆ. ಎಷ್ಟು ಸೋಪು ಹಚ್ಚಿದರೂ ಬೆರಳಿನ ವಾಸನೆ ಹೋಗದು. ಬೀದಿಯ ಬೆಕ್ಕುಗಳು ಅವನನ್ನು ಬಸ್ ಸ್ಟಾಪಿನವರೆಗೆ ಕಳಿಸಿಕೊಟ್ಟು ಬರಲು ಶುರುಮಾಡಿದವು. ಕಾಲೇಜಿನ ಸೂಪರಿಂಟೆಂಡೆಂಟ್ ಸದಾಶಿವಪ್ಪನವರು ಈರುಳ್ಳಿ ಹೆಚ್ಚು ಬೆಂದರೂ ಕಿಟಕಿ ತೆಗೆಸುವ ಜಾತಿಯ ಸಸ್ಯಾಹಾರಿ. ಮಧ್ಯಾಹ್ನ ಅವನು ಡಬ್ಬಿ ಬಿಚ್ಚುವಾಗ ಅವರು ಕನ್ನಡಕ ಸರಿಮಾಡಿಕೊಂಡು ವಿಚಾರಿಸಿದರು.

"ಏನಪ್ಪ ತಂದಿದ್ದೀಯ ಊಟಕ್ಕೆ?"

"ಚಿತ್ರಾನ್ನ ಸಾ."

"ಯಾವ ಕೆರೇದು?"

ಮಂಟೇಸ್ವಾಮಿ ಡಬ್ಬಿ ಎತ್ತಿಕೊಂಡು ಸೈಕಲ್ ಸ್ಟ್ಯಾಂಡಿಗೆ ಹೋಗಿ ಉಂಡ. ಅವಮಾನವನ್ನೆಲ್ಲ ನುಂಗಿಕೊಂಡ. ಸಂಜೆ ಬಂದು ಶೆಡ್ಡಿನ ಗೋಡೆಯ ಮೇಲೆ ಮೊಣಕೈ ಊರಿ, ಬಾಲ ಆಡಿಸುತ್ತ ಓಡಾಡುವ ಮರಿಗಳನ್ನು ನೋಡಿದರೆ ದಿನದ ಆಯಾಸ ಸ್ವಲ್ಪ ಇಳಿಯುತ್ತಿತ್ತು. ಪಕ್ಕದಲ್ಲಿ ಕುಸುಮ ಬಂದು ನಿಲ್ಲುತ್ತಿದ್ದಳು.

ಹೀಗೆ ಎಲ್ಲ ಸರಿಯಾಗಿ ನಡೆಯುತ್ತಿರುವಾಗ ಸೋಮವಾರ ಬಂತು.

ಸೋಮವಾರ ಮನೆದೇವರು ಮಾದಪ್ಪನ ದಿನ. ಆ ದಿನ ಮಂಟೇಸ್ವಾಮಿಯ ಮನೆಯಲ್ಲಿ ಮೀನು ಮಾಂಸ ಒಲೆ ಹತ್ತುವುದಿಲ್ಲ. ಚಿಕ್ಕಮಾದಮ್ಮ ಮೊಟ್ಟೆಯನ್ನೂ ಮನೆಯೊಳಗೆ ಬಿಡುವುದಿಲ್ಲ. ಹಿಂದಿನ ದಿನ ಭಾನುವಾರ ಬೆಳಗ್ಗೆಯೇ ಆಕೆ ಮಗನನ್ನು ತಡೆದು ನಿಲ್ಲಿಸಿದಳು.

"ನಾಳ ಆ ಟಾನಿಕ್ ಕೊಟ್ಟುಗಿಟ್ಟೀಯ. ಸೋಮವಾರ."

"ಅವ್ವ, ಹಂದಿಗ್ಯಾವ ಸೋಮವಾರ?"

"ನಮ್ ಹಂದಿ ತಾನೆ ಅದು? ನಮ್ ಮನ ಅನ್ನ ತಿಂತದ ತಾನೆ? ಮಾದಪ್ಪನ ದಿನ ನಮ್ ಮನೇಲಿ ಮೀನು ಮುಟ್ಟದು ಅಂದ್ಮೇಲೆ ಯಾರೂ ಮುಟ್ಟಂಗಿಲ್ಲ. ಮರಿಗಳ ಕಾಯದು ನಿನ್ ಕ್ಯಾನಲ್ಲ, ಅವನು."

ಈ ವಾದಕ್ಕೆ ತರಬೇತಿಯಲ್ಲಿ ಉತ್ತರ ಹೇಳಿಕೊಟ್ಟಿರಲಿಲ್ಲ, ಅಥವಾ ಹೇಳಿಕೊಡುವಾಗ ಅವನು ಮಲಗಿದ್ದ. ವಾದ ಮಾಡುವ ತ್ರಾಣವೂ ಇರಲಿಲ್ಲ. ಸರಿ ಎಂದ. ಆದರೆ ಒಂದು ದಿನ ತಪ್ಪಿದರೆ ಶಕ್ತಿಯ ಸರಪಳಿ ಕಡಿದುಹೋದೀತು ಎಂಬ ಭಯ. ಯೋಚಿಸಿ ಯೋಚಿಸಿ ಒಂದು ಉಪಾಯ ಹೂಡಿದ. ಸೋಮವಾರದ್ದನ್ನು ಭಾನುವಾರವೇ ಮುಂಗಡವಾಗಿ ಕೊಟ್ಟುಬಿಟ್ಟ. ದೇವರಿಗೂ ನ್ಯಾಯ, ವಿಜ್ಞಾನಕ್ಕೂ ನ್ಯಾಯ. ತನ್ನ ಬುದ್ಧಿಗೆ ತಾನೇ ಮೆಚ್ಚಿ, ಯಾರಿಗೂ ಹೇಳದೆ ಕ್ಯಾನಿನ ಮುಚ್ಚಳ ತಿರುಗಿಸಿದ.

ಆ ವಾರ ಮರಿಗಳು ಒಂದು ಥರಾ ಹೊಳೆಯಲು ಶುರುಮಾಡಿದವು. ಬಿಸಿಲಿಗೆ ಬಂದರೆ ಕಣ್ಣು ಕುಕ್ಕುವ ಹಾಗೆ ಫಳಫಳ. ಬೆಕ್ಕುಗಳು ಮಂಟೇಸ್ವಾಮಿಯನ್ನು ಕೈಬಿಟ್ಟು ಶೆಡ್ಡಿನ ಗೋಡೆಯ ಮೇಲೆ ಸಾಲಾಗಿ ಬೀಡುಬಿಟ್ಟವು. ಧೈರ್ಯಸ್ಥ ಬೆಕ್ಕೊಂದು ಒಳಗೆ ಧುಮುಕಿ ಮರಿಯ ತಲೆ ನೆಕ್ಕುತ್ತಿದ್ದುದನ್ನೂ ಅವನು ಕಂಡ. ಕ್ಯಾನಿನ ಎಣ್ಣೆ ಮಾತ್ರ ಬೇಗ ಬೇಗ ಇಳಿಯುತ್ತಿತ್ತು. ಎಲ್ಲೋ ಸೋರುತ್ತಿರಬೇಕೆಂದು ತಳ ತಿರುಗಿಸಿ ನೋಡಿದ. ಸೋರಿಕೆ ಕಾಣಲಿಲ್ಲ. ಬೆಕ್ಕುಗಳ ಮೇಲೆ ಅನುಮಾನಪಟ್ಟ.

"ನೋಡ್ದಾ ಕುಸುಮ, ಹೆಂಗ್ ಹೊಳೀತಾವೆ? ಒಳಗಿನ ಶಕ್ತಿ ಕಣೇ ಅದು. ಆಚೆ ಬತ್ತಾ ಅದ."

"ಊಂ," ಎಂದಳು ಕುಸುಮ, ನೆಲ ನೋಡುತ್ತ.

ಚಿಕ್ಕಮಾದಮ್ಮ ಆ ಕಡೆ ತಿರುಗಿ ಸುಣ್ಣದ ಡಬ್ಬಿ ಹುಡುಕತೊಡಗಿದಳು. ಹೆಮ್ಮೆಯ ಅಮಲಿನಲ್ಲಿದ್ದ ಮಂಟೇಸ್ವಾಮಿಗೆ ಇದೊಂದೂ ಕಾಣಲಿಲ್ಲ.

ಅದಾದ ಸ್ವಲ್ಪ ದಿನಕ್ಕೇ ಒಂದು ಮರಿಗೆ ಭೇದಿ ಶುರುವಾಯಿತು. ಮಾರನೆಯ ದಿನ ಅದರ ಪಕ್ಕದ್ದಕ್ಕೆ. ಆಮೇಲೆ ಎಲ್ಲಕ್ಕೂ. ಶೆಡ್ಡಿನ ನೆಲದ ಮೇಲೆ ನಿಂತರೆ ಮನುಷ್ಯರೂ ಜಾರುತ್ತಿದ್ದರು. ಹೋದ ಸಲವೂ ಹೀಗೇ ಒಂದರಿಂದ ಶುರುವಾದದ್ದು. ಕಂಪನಿ ಬಸ್ಸಿನ ಹಾರನ್ ಕೇಳಿದಾಗ ಈಗ ಅವನ ಕೈಯೂ ನಿಲ್ಲುತ್ತಿತ್ತು.

ಕಾರಣ ಅವನಿಗೆ ಸ್ಪಷ್ಟವಾಗಿತ್ತು. ರೋಗ ದಂಡೆತ್ತಿ ಬಂದಿದೆ, ಟಾನಿಕ್ ಸಾಲುತ್ತಿಲ್ಲ. ಚಮಚವನ್ನು ಮೊಳೆಗೇ ಬಿಟ್ಟು ಸೌಟು ಹಿಡಿದ.

ಭೇದಿ ಇನ್ನೂ ಜೋರಾಯಿತು.

ಆ ಹೊತ್ತಿಗೇ ಯಳಂದೂರಿನಿಂದ ಫೋನು. "ಭಾವ, ಭಾನುವಾರ ಬತ್ತೀನಿ. ಮರಿ ನೋಡ್ಬೇಕು. ಚೆನ್ನಾಗವೆ ತಾನೆ?"

"ಫಳಫಳ ಅಂತಾವೆ," ಎಂದ ಮಂಟೇಸ್ವಾಮಿ. ಅದು ಸುಳ್ಳೇನಲ್ಲ.

ಭಾನುವಾರ ಬಾಮೈದ ಬರುವುದಕ್ಕೆ ಮೊದಲು ಪಶು ವೈದ್ಯೆ ಪವಿತ್ರಾ ಅವರನ್ನು ಕೈಕಾಲು ಹಿಡಿದು ಕರೆತಂದ. ಚಿಕ್ಕ ವಯಸ್ಸಿನ ಹೆಣ್ಣುಮಗಳು. ರಜೆಯ ದಿನವೂ ಯಾರದೋ ಹಸುವಿನ ಹೆರಿಗೆ ಮುಗಿಸಿ ಬಂದಿದ್ದರು, ಕಣ್ಣಿನ ಸುತ್ತ ಕಪ್ಪು. ಶೆಡ್ಡಿನ ಬಾಗಿಲಲ್ಲಿ ನಿಂತು, ಗೋಡೆಯ ಮೇಲಿನ ಬೆಕ್ಕುಗಳನ್ನು ಒಮ್ಮೆ ನೋಡಿ, ಕೈಗವಸು ಹಾಕಿಕೊಂಡರು.

"ಒಂದು ಮರಿ ಹಿಡ್ಕೊಳ್ಳಿ. ಜ್ವರ ನೋಡ್ತೀನಿ."

ಹಿಡಿದುಕೊಳ್ಳಿ ಎಂಬ ಮಾತು ಎಷ್ಟು ಸುಲಭ. ಮಂಟೇಸ್ವಾಮಿ ಒಂದು ಮರಿಯನ್ನು ಎರಡೂ ಕೈಯಲ್ಲಿ ಬಾಚಿದ. ಅದು ಒದ್ದೆ ಸೋಪಿನ ಹಾಗೆ ಮೇಲಕ್ಕೆ ಚಿಮ್ಮಿ ಕುಸುಮಳ ತೋಳಿಗೆ ಬಿತ್ತು. ಕುಸುಮ ಹಿಡಿದಳು, ಜಾರಿತು. ಚಿಕ್ಕಮಾದಮ್ಮ ಅಡ್ಡ ನಿಂತಳು, ಅದು ಕಾಲ ಸಂದಿಯಲ್ಲಿ ತೂರಿತು. ಮುದುಕಿ ಕುಕ್ಕರಿಸಿದಳು. ತೆರೆದ ಬಾಗಿಲು ಕಂಡ ಉಳಿದ ಮರಿಗಳೂ ಹಿಂದೆಯೇ ನುಗ್ಗಿದವು. ಮರಿಗಳ ಹಿಂದೆ ಬೆಕ್ಕುಗಳು, ಬೆಕ್ಕುಗಳ ಹಿಂದೆ ಮಂಟೇಸ್ವಾಮಿ.

ಸರಿಯಾಗಿ ಆಗ ಬೀದಿಯ ತುದಿಯಲ್ಲಿ ಬೈಕು ನಿಲ್ಲಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ ಮಹದೇವಸ್ವಾಮಿ ಇಳಿದ. ಹಂದಿ ಸಾಕುವವನ ಕೈ ಯೋಚಿಸುವುದಿಲ್ಲ. ಎದುರಿಗೆ ಓಡಿಬಂದ ಮರಿಯನ್ನು ಬಗ್ಗಿ ಎದೆಗೆ ಅವಚಿಕೊಂಡ. ಮರಿ ಎದೆಯಿಂದ ಹೊಟ್ಟೆಗೆ, ಹೊಟ್ಟೆಯಿಂದ ತೊಡೆಗೆ ಜಾರುತ್ತ, ದಾರಿಯುದ್ದಕ್ಕೂ ತನ್ನ ಭೇದಿಯ ಗುರುತು ಬಿಡುತ್ತ ಇಳಿದುಹೋಯಿತು. ಅಂಗಿಯ ಬಿಳುಪು ಅಲ್ಲಿಗೆ ಮುಗಿಯಿತು.

"ಭಾವ," ಎಂದ ಮಹದೇವಸ್ವಾಮಿ, ತನ್ನನ್ನು ತಾನು ನೋಡಿಕೊಳ್ಳುತ್ತ. "ಫಳಫಳ ಅಂದ್ರಲ್ಲ, ಇದೇನಾ?"

ಗೋಣಿತಾಟು, ಹಳೆಯ ಕಂಬಳಿ ಹಾಸಿ, ಬೀದಿಯವರ ನೆರವಿನಿಂದ ಮರಿಗಳನ್ನೆಲ್ಲ ಸುತ್ತಿ ಸುತ್ತಿ ಒಳಗೆ ಸೇರಿಸುವಷ್ಟರಲ್ಲಿ ಎಲ್ಲರಿಗೂ ಏದುಸಿರು. ಡಾಕ್ಟರಮ್ಮ ಒಂದೊಂದನ್ನೂ ನೋಡಿದರು. ಜ್ವರವಿಲ್ಲ. ಕಣ್ಣು ಚುರುಕಾಗಿದೆ. ಆಮೇಲೆ ತಮ್ಮ ಕೈಗವಸನ್ನು ಮೂಗಿನ ಹತ್ತಿರ ಹಿಡಿದು ಮುಖ ಕಿವುಚಿದರು.

"ಇದು ಮೀನೆಣ್ಣೆ. ಹೊಟ್ಟೆಗೆ ಕೊಡೋದನ್ನ ತಲೆಗೂ ಮೈಗೂ ಹಚ್ಚಿದೋರು ಯಾರು?"

ಚಿಕ್ಕಮಾದಮ್ಮ ಆಕಾಶ ನೋಡಿದಳು. ಅಲ್ಲಿ ಸಹಾಯಕ್ಕೆ ಯಾರೂ ಕಾಣದೆ ಮತ್ತೆ ಕೆಳಗೆ ನೋಡಿದಳು.

"ನೆತ್ತಿಗ ಎಣ್ಣೆ ಇಲ್ದೆ ಯಾವ ಕೂಸು ಬದುಕ್ತದವ್ವ? ತಾಯಿ ಹಾಲು ಬಿಟ್ಟ ಕೂಸು, ನೆತ್ತಿ ಒಣಗ್ತದ. ಈ ಬೀದೀಲಿರೋ ಅಷ್ಟೂ ತಲೆಗ ನಾನೇ ಎಣ್ಣೆ ಒತ್ತಿರದು."

"ಇವರ ತಲೆಗೂನಾ?" ಡಾಕ್ಟರಮ್ಮ ಮಂಟೇಸ್ವಾಮಿಯ ಕಡೆ ಕೈ ತೋರಿಸಿದರು.

"ಊಂ ಕಣವ್ವ. ಇವನೊಬ್ಬಂಗೆ ಇಳೀನಿಲ್ಲ."

ಮಂಟೇಸ್ವಾಮಿ ಈ ಮಾತು ಕೇಳಿಸದವನಂತೆ ಎದೆ ಸೆಟೆಸಿ ಮುಂದೆ ಬಂದ. "ಮೇಡಂ, ನೆತ್ತಿ ವಿಷ್ಯ ನಂಗೊತ್ತಿಲ್ಲ. ಬಾಯಿಗ ಮಾತ್ರ ನಾನೇ ಕೊಡದು. ಬೆಳಗ್ಗೆ ಒಂದೇ ಸಲ. ಅಂಗಡೀಲಿ ಹೇಳಿದಂಗೆ."

"ಒಂದೇ ಸಲಕ್ಕೆ ಹೀಗಾಗಲ್ಲ."

ಕುಸುಮ ಸೆರಗಿನ ತುದಿ ತಿರುವುತ್ತ ಬಾಯಿಬಿಟ್ಟಳು. "ಮಧ್ಯಾಹ್ನ ನಾನು ಕೊಡ್ತಿದ್ದೆ."

ಮಂಟೇಸ್ವಾಮಿ ಹೌಹಾರಿ ಅವಳ ಕಡೆ ತಿರುಗಿದ. "ನೀನಾ?"

"ಸೋಮವಾರದ್ದು ತಪ್ಪೋಯ್ತಲ್ಲ ಅಂತ ಮಂಗಳವಾರ ಒಂದ್ಸಲ ಕೊಟ್ಟೆ. ಆಮ್ಯಾಕೆ ನೀವು ಕೊಡದ್ನ ನೋಡ್ದೆ. ಅರ್ಧ ನಿದ್ದೇಲಿ ಬೂಸಾಗ ಹಾಕದ್ನ ಬಿಟ್ಟು ನೆಲಕ್ಕ ಉಯ್ತಿದ್ರಿ. ಮರಿ ಹೊಟ್ಟೆಗ ಎಷ್ಟೋಯ್ತದೋ ಏನೋ ಅಂತ... ದಿನಾ ಕೊಟ್ಟೆ." ಅವಳ ದನಿ ಸಣ್ಣಗಾಯಿತು. "ಈ ಸಲಾನೂ ಓಗ್ಬುಟ್ರೆ ಅಂತ ಭಯ ಆಯ್ತು ಕಣ್ರಿ."

ಸೋಮವಾರದ್ದನ್ನು ತಾನು ಭಾನುವಾರವೇ ಕೊಟ್ಟಿದ್ದೆ ಎಂದು ಮಂಟೇಸ್ವಾಮಿ ಒಪ್ಪಿಕೊಳ್ಳಬೇಕಾಯಿತು. ಅವನು ಅಷ್ಟು ಹೇಳುವಷ್ಟರಲ್ಲಿ ಚಿಕ್ಕಮಾದಮ್ಮನ ಮುಖ ಒಂದು ಥರಾ ಆಯಿತು.

"ಅವ್ವ, ನೀನು ಬಾಯಿಗೂ ಕೊಟ್ಟಾ?"

"ನನ್ ದೇವರಿಗೋಸ್ಕರ ಆ ಮಕ್ಕಳ ಉಪಾಸ ಕೆಡವ್ದೆ ಅಂತ ಮನಸ್ಸು ತಡೀನಿಲ್ಲ ಕಣ್ಲಾ. ಮಂಗಳವಾರ ಸಂಜೆ ಒಂದು ಸೌಟು ಹಾಕ್ದೆ. ಆಮ್ಯಾಕೆ ಯೋಚ್ನೆ ಮಾಡ್ದೆ, ಒಂದೇ ಸಲ ಬಡ್ಸದು ಯಾವ ಮರ್ಯಾದೆ? ನಮ್ ಮನೇಲಿ ಬಂದೋರಿಗ ಎಲ್ಡನೇ ಸಲ ಬಡಿಸ್ದೆ ಎಲೆ ಎತ್ತಿಸಿದ್ದುಂಟಾ? ದಿನಾ ಸಂಜೆ ಹಾಕ್ತಾ ಬಂದೆ."

ಡಾಕ್ಟರಮ್ಮ ಅಲ್ಲೇ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕೂತುಬಿಟ್ಟರು. ಹಣೆ ಒತ್ತಿಕೊಂಡರು.

"ಸರಿ. ಭೇದಿ ಶುರುವಾದ್ಮೇಲೆ ನಿಲ್ಲಿಸಿದ್ರಾ?"

"ಜಾಸ್ತಿ ಮಾಡ್ದೆ," ಎಂದ ಮಂಟೇಸ್ವಾಮಿ.

"ನಾನೂನು," ಎಂದಳು ಕುಸುಮ.

ಚಿಕ್ಕಮಾದಮ್ಮ ತಲೆ ಆಡಿಸಿದಳು. ಅಷ್ಟು ಸಾಕಾಗಿತ್ತು.

"ಸೀಕು ಏನೂ ಇಲ್ಲ," ಎಂದರು ಡಾಕ್ಟರಮ್ಮ. "ಎಣ್ಣೆ ಒಳ್ಳೇದೇ, ಅಳತೆಲಿ ಇದ್ರೆ. ಇಷ್ಟು ಸುರಿದ್ರೆ ಯಾರ ಹೊಟ್ಟೆ ತಡೆಯುತ್ತೆ? ಇದನ್ನ ನಿಲ್ಲಿಸಿ. ಉಪ್ಪು ಸಕ್ಕರೆ ನೀರು ಇಡಿ, ತೆಳ್ಳಗೆ ಗಂಜಿ ಇಡಿ, ನೆಲ ಒಣಗಿಸಿ. ಆಮೇಲೆ ಏನೂ ಮಾಡಬೇಡಿ. ಅದೇ ಔಷಧಿ."

ಮಹದೇವಸ್ವಾಮಿ ಅಂಗಿ ಒರೆಸಿಕೊಳ್ಳುವುದನ್ನು ನಿಲ್ಲಿಸಿದ. ಅವನ ಮುಖದಲ್ಲಿ ನಗುವಿರಲಿಲ್ಲ. "ಅಕ್ಕ, ಇದು ಸರಿ ಓಗಕಿಲ್ಲ. ನಾಳೆ ಆಟೋ ತಕಂಡು ಬತ್ತೀನಿ. ಹಂದಿ ತಕಂಡೋಯ್ತೀನಿ."

ಮಂಟೇಸ್ವಾಮಿ ಯಾವ ಮುಖ ಇಟ್ಟುಕೊಂಡು ಬೇಡ ಎನ್ನುವುದು? ಕುಸುಮ ತಮ್ಮನ ಮುಂದೆ ಬಂದು ನಿಂತಳು. ಅಳಲಿಲ್ಲ, ಕೂಗಲಿಲ್ಲ, ತುಂಬ ದಣಿದಿದ್ದಳು.

"ಬರೋ ಭಾನುವಾರಗಂಟ ಬುಡು. ಒಂದು ಮರಿ ಹೋಯ್ತು ಅಂದ್ರೂ ನೀನು ಬರಬ್ಯಾಡ, ನಾನೇ ಹಗ್ಗ ಹಿಡ್ಕಂಡು ತಂದು ಬುಡ್ತಿನಿ. ಕಂಪನಿಗೂ ಅವತ್ತೇ ಫೋನ್ ಮಾಡ್ತಿನಿ."

ಮಹದೇವಸ್ವಾಮಿ ಅಕ್ಕನನ್ನು ಒಂದು ಕ್ಷಣ ನೋಡಿ ಬೈಕು ಹತ್ತಿದ. ಒಂದು ಬೆಕ್ಕು ಅವನ ಹಿಂದೆ ಸ್ವಲ್ಪ ದೂರ ಓಡಿತು.

ಆ ವಾರದಂಥ ವಾರವನ್ನು ಮಂಟೇಸ್ವಾಮಿ ಜನ್ಮದಲ್ಲಿ ಕಂಡಿರಲಿಲ್ಲ. ಏನೂ ಮಾಡದಿರುವುದು ಇಷ್ಟು ಕಷ್ಟದ ಕೆಲಸವೆಂದು ಯಾವ ತರಬೇತಿಯಲ್ಲೂ ಯಾರೂ ಹೇಳಿರಲಿಲ್ಲ. ಕುಸುಮ ಶೆಡ್ಡಿಗೆ ಬೀಗ ಹಾಕಿ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಗಂಜಿ ಅವಳೇ, ನೀರು ಅವಳೇ. ಮಂಟೇಸ್ವಾಮಿ ಬಾಗಿಲ ಸಂದಿಯಲ್ಲಿ ಇಣುಕುವುದು, ಚಿಕ್ಕಮಾದಮ್ಮ ಅವನ ಬೆನ್ನ ಹಿಂದೆ ನಿಂತು "ಏನಂತದ್ಲಾ? ಎದ್ದದಾ?" ಎಂದು ಕೇಳುವುದು. ಮುದುಕಿಯ ಕೈ ಎಣ್ಣೆ ಒತ್ತಲು ತಲೆ ಸಿಕ್ಕದೆ ಚಡಪಡಿಸಿ, ಕೊನೆಗೆ ಮಗನ ತಲೆಗೇ ಒತ್ತಿ ಸಮಾಧಾನ ಮಾಡಿಕೊಂಡಿತು. ಕಾಲೇಜಿನಲ್ಲಿ ಮಂಟೇಸ್ವಾಮಿ ಮೂರನೆಯ ಪೀರಿಯಡ್ಡಿಗೆ ಮನೆಗೆ ಹೋಗುವ ಗಂಟೆ ಹೊಡೆದ. ಮಕ್ಕಳು ಹೋ ಎಂದು ಹೊರಗೆ ಓಡಿದರು. ಸದಾಶಿವಪ್ಪನವರು ಬೈಯಲು ಬಾಯಿ ತೆರೆದವರು ಅವನ ಮುಖ ನೋಡಿ, "ಟೀ ಕುಡಿದು ಬಾ ಹೋಗಪ್ಪ" ಎಂದರು.

ಬೆಳಗ್ಗೆ ಕಂಪನಿ ಬಸ್ಸು ಹಾರನ್ ಹೊಡೆಯುವಾಗ ಅವನು ಹಾಸಿಗೆಯಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿರುತ್ತಿದ್ದ. ಪಕ್ಕದಲ್ಲಿ ಕುಸುಮಳೂ ಎಚ್ಚರವಾಗಿರುತ್ತಿದ್ದಳು. ತನ್ನ ಜಂಬದಿಂದ ಇವಳು ಮತ್ತೆ ಆ ಬಸ್ಸು ಹತ್ತುವ ಹಾಗಾದರೆ ತಾನು ಯಾವ ಗಂಡ ಎಂದು ಅವನಿಗೆ ನಾಚಿಕೆಯಾಗುತ್ತಿತ್ತು.

ಮುಂದಿನ ಭಾನುವಾರ ಮಹದೇವಸ್ವಾಮಿ ಬಂದ. ಈ ಸಲ ಹಳೆಯ ಕಂದು ಅಂಗಿ ಹಾಕಿಕೊಂಡಿದ್ದ. ಹನೂರ ಕಡೆ ಹೊರಟಿದ್ದ ಡಾಕ್ಟರ್ ಪವಿತ್ರಾ ಅವರೂ ಸ್ಕೂಟರು ನಿಲ್ಲಿಸಿ ಒಳಗೆ ಬಂದರು. ಕುಸುಮ ಸೊಂಟದಿಂದ ಬೀಗದ ಕೈ ತೆಗೆದು ಶೆಡ್ಡಿನ ಬಾಗಿಲು ತೆರೆದಳು.

ಮರಿಗಳೆಲ್ಲ ಇದ್ದವು. ಒಂದರ ಮೇಲೊಂದು ಬಿದ್ದು, ಕಚ್ಚಾಡಿ, ಕಿರುಚಿ, ಗಂಜಿಯ ಬಾಂಡಲಿ ಮಗುಚಿ ಹಾಕಿದವು. ಮಹದೇವಸ್ವಾಮಿ ಒಳಗೆ ಹೋಗಿ ಒಂದೊಂದನ್ನೇ ಎತ್ತಿ, ಹೊಟ್ಟೆ ಒತ್ತಿ, ಬಾಲದ ಕೆಳಗೆ ನೋಡಿ ಕೆಳಗಿಟ್ಟ. ಯಾವುದೂ ಕೈಯಿಂದ ಜಾರಲಿಲ್ಲ. ಕೊನೆಯದನ್ನು ಇಟ್ಟ ಮೇಲೆ ಅಕ್ಕನ ಕಡೆ ತಿರುಗಿ ತಲೆಯಾಡಿಸಿದ. ಕುಸುಮ ಉಸಿರು ಬಿಟ್ಟು ಬಾಗಿಲ ಕಂಬಕ್ಕೆ ಒರಗಿ ನಿಂತಳು. ಅವಳ ಕಣ್ಣು ತುಂಬಿದ್ದನ್ನು ಮಂಟೇಸ್ವಾಮಿ ಕಂಡ. ಅವನ ಎದೆಯ ಮೇಲಿನ ಕಲ್ಲು ಇಳಿಯಿತು. ಕಲ್ಲು ಇಳಿದ ಜಾಗದಲ್ಲಿ ಹಳೆಯ ಗಾಳಿ ತುಂಬಿಕೊಳ್ಳಲು ಎಷ್ಟು ಹೊತ್ತು ಬೇಕು?

"ನೋಡುದ್ರಾ ಮೇಡಂ," ಎಂದ ಗಂಟಲು ಸರಿಮಾಡಿಕೊಂಡು. "ನಾನಂದಿರ್ನಿಲ್ವಾ? ಒಂದು ಮರೀನೂ ಓಗ್ನಿಲ್ಲ. ಏನೇ ಅಂದ್ರೂ ಆ ಟಾನಿಕ್ ಒಳಗೆ ಕೆಲಸ ಮಾಡ್ಯದ. ರೋಗನಿರೋಧಕ ಶಕ್ತಿ ಬಂದದೋ ಇಲ್ವೋ ನೀವೇ ಹೇಳಿ."

ಡಾಕ್ಟರಮ್ಮ ಮರಿಗಳನ್ನು ನೋಡಿದರು. ಮಂಟೇಸ್ವಾಮಿಯನ್ನು ನೋಡಿದರು. ಅವನ ಹಿಂದೆ ಎಣ್ಣೆಯ ಕೈ ಸೆರಗಿಗೆ ಒರೆಸಿಕೊಳ್ಳುತ್ತಿದ್ದ ಚಿಕ್ಕಮಾದಮ್ಮನನ್ನೂ ನೋಡಿದರು.

"ಬಂದಿದೆ, ಅದರಲ್ಲಿ ಅನುಮಾನ ಇಲ್ಲ," ಎಂದರು. "ನಿಮ್ಮ ಮನೆಯವರನ್ನೇ ತಡ್ಕೊಂಡು ಬದುಕಿರೋ ಮರಿಗಳು. ಇವಕ್ಕೆ ಇನ್ಯಾವ ರೋಗ ಏನು ಮಾಡುತ್ತೆ?"

ಮೊದಲು ನಕ್ಕವಳು ಚಿಕ್ಕಮಾದಮ್ಮ. ಆಮೇಲೆ ಕುಸುಮ. ಎಷ್ಟು ದಿನದ ಮೇಲೋ ಅವಳು ಹಾಗೆ ನಕ್ಕದ್ದು. ಮಂಟೇಸ್ವಾಮಿಗೂ ನಗಲೇಬೇಕಾಯಿತು.

ಮಹದೇವಸ್ವಾಮಿ ಮಾತ್ರ ನಗದೆ, ಶೆಡ್ಡಿನಿಂದ ಹೊರಗೆ ಬಂದು ಕೈ ತೊಳೆದು, ತೀರ್ಪು ಹೇಳುವವನಂತೆ ಹೇಳಿದ. "ಅಕ್ಕ, ಹಂದಿ ಇಲ್ಲೇ ಇರ್ಲಿ. ನಿನ್ ಕೈಲಿ ಚೆನ್ನಾಗಿರ್ತದ. ಮರಿಗಳು ದೊಡ್ಡವಾಗಗಂಟ ಬೇಕಾದ್ರ ಭಾವನ್ನ ಯಳಂದೂರಿಗ ಕರ್ಕಂಡೋಯ್ತೀನಿ. ಅಲ್ಲಿಂದಾನೇ ಕೊಳ್ಳೇಗಾಲಕ್ಕ ಬಸ್ಸಿಗ ಓಡಾಡ್ಲಿ."

ಎಲ್ಲರೂ ಇನ್ನೊಂದು ಸುತ್ತು ನಕ್ಕರು. ಮಂಟೇಸ್ವಾಮಿ ನಗುತ್ತಲೇ ಹೆಂಡತಿಯ ಕಡೆ ತಿರುಗಿದ, ಅವಳು ಬೇಡ ಎನ್ನುತ್ತಾಳೆಂದು.

ಕುಸುಮ ಅಲ್ಲಿರಲಿಲ್ಲ. ಅವನ ಬಟ್ಟೆ ತುಂಬಲು ಚೀಲ ಹುಡುಕಿಕೊಂಡು ಒಳಗೆ ಹೋಗಿದ್ದಳು.